ಗೋಧಿ, ಪೊಟ್ಯಾಷ್ ಮತ್ತು ಒಂದು ವಿಶ್ವವಿದ್ಯಾನಿಲಯ: ಸಾಸ್ಕಟೂನ್ ನಗರ ಬೆಳೆದ ಬಗೆ

ಕೆನಡಾ ದೇಶದ ಸಾಸ್ಕಟೂನ್ ನಗರದ ಜನಗಣತಿಯ ನಾಲ್ಕು ಅಂಕಿಗಳನ್ನು ಮೊದಲು ಗಮನಿಸಿ. 1901ರಲ್ಲಿ ಅಲ್ಲಿದ್ದವರು ಕೇವಲ 113 ಜನ. 1911ರಲ್ಲಿ ಅವರ ಸಂಖ್ಯೆ 12,004. 1931ರಲ್ಲಿ 43,291. ಆದರೆ 1941ರಲ್ಲಿ ಅದು 43,027. ಮೂವತ್ತು ವರ್ಷ ನಾಗಾಲೋಟದಲ್ಲಿ ಬೆಳೆದ ಊರು ಮುಂದಿನ ಹತ್ತು ವರ್ಷ ಇದ್ದಲ್ಲಿಯೇ ನಿಂತುಬಿಟ್ಟಿತು. ಹೀಗೇಕಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಗರಗಳ ಬೆಳವಣಿಗೆಯ ಗುಟ್ಟು ನಮಗೆ ತಿಳಿಯುತ್ತದೆ.

ಸಾಸ್ಕಟೂನ್ ಇರುವುದು ಪಶ್ಚಿಮ ಕೆನಡಾದ ವಿಶಾಲ ಹುಲ್ಲುಗಾವಲು ಪ್ರದೇಶದಲ್ಲಿ, ದಕ್ಷಿಣ ಸಾಸ್ಕಾಚೆವಾನ್ ನದಿಯ ದಂಡೆಯ ಮೇಲೆ. ಅದರ ಹೆಸರು ಅಲ್ಲಿ ಬೆಳೆಯುವ ಒಂದು ಕಾಡುಹಣ್ಣಿಗೆ ಮೂಲನಿವಾಸಿಗಳಾದ ಕ್ರೀ ಜನರು ಇಟ್ಟ ಹೆಸರಿನಿಂದ ಬಂದದ್ದು. 1876ರ ಆರನೆಯ ಒಪ್ಪಂದದ ನಂತರ ಈ ಸೀಮೆ ವಲಸೆಗಾರರಿಗೆ ತೆರೆದುಕೊಂಡಿತು. ಮೂಲನಿವಾಸಿಗಳಿಗೆ ಮೀಸಲು ಪ್ರದೇಶಗಳಷ್ಟೇ ಉಳಿದವು. 1882ರಲ್ಲಿ ಟೊರಾಂಟೊ ನಗರದಿಂದ ಬಂದ ಪಾನವಿರೋಧಿ ಸಂಘದವರು, ಮದ್ಯವಿಲ್ಲದ ಒಂದು ಊರನ್ನು ಕಟ್ಟಬೇಕೆಂದು ಇಲ್ಲಿ ಜಾಗ ಗೊತ್ತುಮಾಡಿದರು. ಆ ಜಾಗದ ಬಗ್ಗೆ ಅವರಿಗೆ ಸಲಹೆ ಕೊಟ್ಟವನು ಡಕೋಟಾ ಜನರ ನಾಯಕ ವೈಟ್‌ಕ್ಯಾಪ್.

1890ರಲ್ಲಿ ರೈಲು ಬಂದರೂ ಊರು ಹತ್ತು ವರ್ಷ ಅಷ್ಟಾಗಿ ಬೆಳೆಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋಧಿ ಬೆಳೆಯಲು ಯೂರೋಪಿನಿಂದಲೂ ಅಮೆರಿಕದಿಂದಲೂ ಜನ ಪ್ರವಾಹದಂತೆ ಬಂದಾಗ ಚಿತ್ರವೇ ಬದಲಾಯಿತು. 1906ರಲ್ಲಿ ನದಿಯ ಆಚೀಚೆಯ ಮೂರು ಪುಟ್ಟ ಊರುಗಳು ಒಂದಾಗಿ ನಗರವೆನಿಸಿದವು. ಮೂರು ರೈಲ್ವೆ ಕಂಪೆನಿಗಳ ಹಳಿಗಳು ಇಲ್ಲಿ ನದಿಯನ್ನು ದಾಟಿದವು. ಸುತ್ತಲಿನ ರೈತರು ನೇಗಿಲು, ಮರಮುಟ್ಟು, ಬಟ್ಟೆಬರೆ ಕೊಳ್ಳಲು ಇಲ್ಲಿಗೇ ಬರತೊಡಗಿದರು.

ಈ ಭರಾಟೆಯ ನಡುವೆಯೇ ಒಂದು ದೂರದೃಷ್ಟಿಯ ಕೆಲಸ ನಡೆಯಿತು. 1907ರಲ್ಲಿ ಸ್ಥಾಪನೆಯಾದ ಪ್ರಾಂತದ ವಿಶ್ವವಿದ್ಯಾನಿಲಯ ಎಲ್ಲಿರಬೇಕೆಂಬ ಪೈಪೋಟಿಯಲ್ಲಿ, 1909ರಲ್ಲಿ ಸಾಸ್ಕಟೂನ್ ರಾಜಧಾನಿ ರೆಜೈನಾವನ್ನೇ ಹಿಂದೆ ಹಾಕಿತು. ಅಲ್ಲಿ ಕೃಷಿ ಕಾಲೇಜಿಗೂ ಮೊದಲಿನಿಂದಲೇ ಪ್ರಾಮುಖ್ಯ ದೊರೆಯಿತು.

ಆದರೆ ಊರಿನ ಹೊಟ್ಟೆಪಾಡೆಲ್ಲ ಗೋಧಿಯ ಮೇಲೆಯೇ ನಿಂತಿತ್ತು. 1930ರ ದಶಕದಲ್ಲಿ ವಿಶ್ವದಾದ್ಯಂತ ಆರ್ಥಿಕ ಕುಸಿತ ಉಂಟಾಗಿ ಗೋಧಿಯ ಬೆಲೆ ಪಾತಾಳಕ್ಕಿಳಿಯಿತು. ಅದರ ಜೊತೆಗೆ ಮಳೆಯೂ ಕೈಕೊಟ್ಟಿತು, ಹೊಲದ ಮಣ್ಣು ಧೂಳಾಗಿ ಹಾರಿಹೋಯಿತು. ರೈತನ ಕೈ ಬರಿದಾದಾಗ ನಗರದ ಅಂಗಡಿಯೂ ಬರಿದಾಯಿತು. 1941ರ ಅಂಕಿಯ ಹಿಂದಿರುವ ಕಥೆ ಇದೇ. ಆ ಸಂಕಟದಲ್ಲೂ ನಗರ ಕೈಕಟ್ಟಿ ಕೂರಲಿಲ್ಲ. ನಿರುದ್ಯೋಗಿಗಳಿಗೆ ಕೂಲಿ ಒದಗಿಸಲೆಂದೇ ಬ್ರಾಡ್‌ವೇ ಸೇತುವೆಯನ್ನು ಕಟ್ಟಿಸಿ 1932ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ವಿನ್ಯಾಸ ಮಾಡಿದವರು ಅದೇ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಸಿ. ಜೆ. ಮೆಕೆಂಜಿ.

ಎರಡನೆಯ ಬೆಳವಣಿಗೆ ನೆಲದಡಿಯಿಂದ ಬಂದಿತು. 1940ರ ದಶಕದಲ್ಲಿ ಎಣ್ಣೆಗಾಗಿ ಬಾವಿ ಕೊರೆಯುತ್ತಿದ್ದವರಿಗೆ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ಪೊಟ್ಯಾಷ್ ಲವಣದ ಪದರಗಳು ಸಿಕ್ಕವು. ಅವು ಕೋಟ್ಯಂತರ ವರ್ಷಗಳ ಹಿಂದೆ ಬತ್ತಿಹೋದ ಕಡಲಿನ ಉಳಿಕೆ. 1958ರಲ್ಲಿ ನಗರದ ಪೂರ್ವಕ್ಕೆ ಗಣಿಗಾರಿಕೆ ಆರಂಭವಾದರೂ ನೀರು ನುಗ್ಗಿ ಮರುವರ್ಷವೇ ನಿಲ್ಲಬೇಕಾಯಿತು. ಅಷ್ಟಕ್ಕೇ ಎದೆಗುಂದದೆ ಜಿನುಗುವ ನೀರನ್ನು ತಡೆಯುವ ವಿದ್ಯೆ ಕಲಿತ ಮೇಲೆ ಪೊಟ್ಯಾಷ್ ಈ ಪ್ರಾಂತದ ದೊಡ್ಡ ಸಂಪತ್ತಾಯಿತು. ನಮ್ಮ ರೈತರು ಕಬ್ಬಿಗೂ ಬಾಳೆಗೂ ಹಾಕುವ ಪೊಟ್ಯಾಷ್ ಗೊಬ್ಬರವನ್ನು ಭಾರತ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಅದನ್ನು ಒದಗಿಸುವ ದೇಶಗಳಲ್ಲಿ ಕೆನಡಾ ಒಂದು.

ಆದರೆ ಪೊಟ್ಯಾಷ್‌ಗೂ ಗೋಧಿಯಂತೆ ಬೆಲೆಯ ಏರಿಳಿತವಿದೆ. ಹಿಂದಿನ ಪಾಡು ಮರುಕಳಿಸದಿರಲು ನೆರವಾದ ಕಾರಣಗಳಲ್ಲಿ ಒಂದು, 1909ರ ಆ ತೀರ್ಮಾನ. ಕ್ಯಾನ್ಸರ್ ಚಿಕಿತ್ಸೆಗೆ ಕೋಬಾಲ್ಟ್-60 ಬಳಸಿದ ವಿಶ್ವದ ಮೊದಲ ಯಂತ್ರಗಳಲ್ಲೊಂದು 1951ರಲ್ಲಿ ಈ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಆರಂಭಿಸಿತು. 2004ರಲ್ಲಿ ಕೆನಡಾದ ಸಿಂಕ್ರೋಟ್ರಾನ್ ಪ್ರಯೋಗಾಲಯ ಅದರ ಆವರಣದಲ್ಲೇ ತೆರೆಯಿತು. ಬೆಳೆ, ಗಣಿ, ವಿದ್ಯೆ ಎಂಬ ಮೂರು ಕಂಬಗಳ ಮೇಲೆ ನಿಂತ ನಗರದ ಜನಸಂಖ್ಯೆ 2021ರ ಗಣತಿಯಲ್ಲಿ 2,66,141.

ಜನಸಂಖ್ಯೆಯ ಅಂಕಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ನೀವು ನೆನಪಿಡಬೇಕು. ಯಾರ ನೆಲದ ಮೇಲೆ ನಗರ ಎದ್ದಿತೋ ಅವರಿಗೆ ಅದರ ಬೆಳವಣಿಗೆಯಲ್ಲಿ ಬಹುಕಾಲ ಪಾಲು ಸಿಗಲಿಲ್ಲ. 1988ರಲ್ಲಿ ಮಸ್ಕೆಗ್ ಲೇಕ್‌ನ ಕ್ರೀ ಜನರು ನಗರದೊಳಗೇ ಸುಮಾರು 35 ಎಕರೆಯ ಮೀಸಲು ಜಾಗ ಪಡೆದು, ಅಲ್ಲಿ ವ್ಯಾಪಾರ ಮಳಿಗೆಗಳನ್ನೂ ಕಚೇರಿಗಳನ್ನೂ ನಡೆಸಲು ತೊಡಗಿದರು. ಒಪ್ಪಂದಕ್ಕೆ ಸಹಿ ಬಿದ್ದು ಆಗಲೇ 112 ವರ್ಷಗಳಾಗಿದ್ದವು.

ಮುಂದೆ ಯಾವುದೇ ಊರಿನ ಜನಗಣತಿಯ ಪಟ್ಟಿ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ: ಜನ ಯಾವ ದುಡಿಮೆಯನ್ನು ನಂಬಿ ಬಂದರು? ಆ ದುಡಿಮೆ ಕೈಕೊಟ್ಟಾಗ ಊರಿಗೆ ಆಸರೆಯಾದದ್ದು ಯಾವುದು? ಬೆಳವಣಿಗೆಯ ಫಲ ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ? ಅಂಕಿಗಳು ಆಗ ಚರಿತ್ರೆಯಾಗಿ ಮಾತನಾಡತೊಡಗುತ್ತವೆ.