ಖಲೀಫರ ಮೇಲೆ ಬಿದ್ದ ರಕ್ತ ಪರಿಹಾರ

ಹಝ್ರತ್ ಉಮರ್(ರ) ಖಲೀಫರಾಗಿದ್ದ ಕಾಲ (ಕ್ರಿ.ಶ. 634-644). ಗಂಡ ಊರಲ್ಲಿಲ್ಲದ ಒಬ್ಬ ಹೆಣ್ಣುಮಗಳ ಮನೆಗೆ ಪರಪುರುಷರು ಬಂದುಹೋಗುತ್ತಾರೆಂಬ ದೂರು ಬಂತು. ವಿಚಾರಿಸಲೆಂದು ಖಲೀಫರು ಆಕೆಗೆ ಹೇಳಿ ಕಳುಹಿಸಿದರು. ಆಕೆ ಗರ್ಭಿಣಿ. ಕರೆ ಬಂದಿದೆಯೆಂದು ಕೇಳಿಯೇ ಕಂಗಾಲಾದಳು. ದಾರಿಯಲ್ಲಿ ಹೆರಿಗೆ ನೋವು ಶುರುವಾಗಿ ಯಾರದೋ ಮನೆ ಹೊಕ್ಕು ಹೆತ್ತಳು. ಮಗು ಎರಡು ಸಲ ಕೂಗಿ ಸತ್ತುಹೋಯಿತು.

ಉಮರ್(ರ) ಸಹಾಬಿಗಳೊಂದಿಗೆ ಸಮಾಲೋಚಿಸಿದರು. ನೀವು ಆಡಳಿತಗಾರರು, ತಿದ್ದುವುದು ನಿಮ್ಮ ಕರ್ತವ್ಯ, ನಿಮ್ಮ ಮೇಲೇನೂ ಇಲ್ಲವೆಂದು ಕೆಲವರು ಹೇಳಿದರು. ಹಝ್ರತ್ ಅಲಿ(ರ) ಮಾತ್ರ ಸುಮ್ಮನಿದ್ದರು. ಕೇಳಿದಾಗ ಅವರು ನೀಡಿದ ಉತ್ತರದ ಸಾರವಿಷ್ಟು: ಇದು ಇವರ ನಿಜವಾದ ಅಭಿಪ್ರಾಯವಾದರೆ ತಪ್ಪಿದ್ದಾರೆ, ನಿಮ್ಮನ್ನು ಮೆಚ್ಚಿಸಲು ಹೇಳಿದ್ದಾದರೆ ನಿಮ್ಮ ಹಿತ ಬಯಸಿಲ್ಲ. ಆಕೆ ಹೆದರಿದ್ದು ನಿಮ್ಮಿಂದ, ಪರಿಹಾರವೂ ನಿಮ್ಮ ಮೇಲಿದೆ.

ಈ ವರದಿಯನ್ನು ಹೇಳಿದ ಹಸನ್ ಬಸರಿ ಉಮರ್(ರ)ರ ಕೊನೆಗಾಲದಲ್ಲಿ ಎಳೆಮಗು. ಆದ್ದರಿಂದ ವರದಿಯ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದೆ. ಆದರೂ ಶಿಕ್ಷಿಸುವಾಗ ಪ್ರಾಣ ಹೋದರೆ ಹೊಣೆ ಯಾರದೆಂಬ ಚರ್ಚೆಯಲ್ಲಿ ಧರ್ಮಶಾಸ್ತ್ರಜ್ಞರು ಇದನ್ನು ಮುಂದಿಟ್ಟರು. ತಅ್‌ಝೀರ್ ಶಿಕ್ಷೆಯಲ್ಲಿ ಸಾವು ಸಂಭವಿಸಿದರೆ ಹೊಣೆಯಿದೆಯೆಂದು ಇಮಾಮ್ ಶಾಫಿಈ, ಇಲ್ಲವೆಂದು ಇಮಾಮ್ ಅಬೂ ಹನೀಫಾ.

ನಮಗೆ ಮುಖ್ಯವೆನಿಸುವುದು ಬೇರೆ. ಖಲೀಫರನ್ನು ಅಲ್ಲಿ ಯಾರೂ ಅಪರಾಧಿ ಎನ್ನಲಿಲ್ಲ. ಅವರ ಸದುದ್ದೇಶದ ಬಗ್ಗೆ ತಕರಾರೇ ಇರಲಿಲ್ಲ. ಕುರ್‌ಆನ್ (4:92) ಕೂಡ ಕೈತಪ್ಪಿ ನಡೆದ ಕೊಲೆಗೆ ಪ್ರಾಣದಂಡ ಹೇಳದೆ ಪ್ರಾಯಶ್ಚಿತ್ತವನ್ನೂ ರಕ್ತ ಪರಿಹಾರವನ್ನೂ ವಿಧಿಸಿದೆ. ಉದ್ದೇಶ ಒಳ್ಳೆಯದಿದ್ದರೆ ಶಿಕ್ಷೆ ತಪ್ಪೀತು, ಕಳೆದುಕೊಂಡವರ ಹಕ್ಕು ಅಳಿಯದು.

ನಮ್ಮ ದೇಶದ ಕಾನೂನು ಮೊದಲರ್ಧವನ್ನು ಚೆನ್ನಾಗಿ ಹಿಡಿದಿದೆ. ಪ್ರಜ್ಞೆ ತಪ್ಪಿದವನ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 92ನೇ ಕಲಮು ಹೇಳಿತ್ತು. 2024ರಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಪೊಲೀಸು, ಕೋರ್ಟು ಎಂದು ಹೆದರಿ ಜನರು ಗಾಯಾಳುಗಳನ್ನು ಮುಟ್ಟದಾದಾಗ 2016ರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿಗಳನ್ನು ಕಡ್ಡಾಯಗೊಳಿಸಿತು. 2019ರ ಮೋಟಾರು ವಾಹನ ತಿದ್ದುಪಡಿಯಂತೂ ನೆರವಾಗುವಾಗ ಅಜಾಗ್ರತೆಯಿಂದ ಹಾನಿಯಾದರೂ ಸಿವಿಲ್ ಹೊಣೆಯಿಂದಲೂ ಬಿಡುಗಡೆ ನೀಡಿತು. ಸ್ವಾಗತಾರ್ಹವೇ. ಆದರೆ ಅವಸರದಲ್ಲಿ ಎತ್ತಿ ಹಾಕಿದ್ದರಿಂದ ಬೆನ್ನುಮೂಳೆ ಮುರಿದುಕೊಂಡವನು ಈ ಹಾನಿಗಾಗಿ ಯಾರ ಬಾಗಿಲು ತಟ್ಟಬೇಕು?

ಮದೀನಾದಲ್ಲಿ ಹೊರೆ ಒಬ್ಬನ ತಲೆಗೆ ಬೀಳಲಿಲ್ಲ. ಅಲಿ(ರ)ಯ ಮಾತನ್ನು ಒಪ್ಪಿದ ಉಮರ್(ರ), ಆ ಮೊತ್ತವನ್ನು ತಮ್ಮ ಕುಲವಾದ ಕುರೈಶರ ಮೇಲೆ ಹಂಚಿ ಹಾಕುವಂತೆ ಅವರಿಗೇ ಆಜ್ಞಾಪಿಸಿದರು.