ಅಲೆಕ್ಸಿಸ್‌ನ ಹೊಟ್ಟೆಯ ಕಿಂಡಿ

ಅನ್ನದ ತುತ್ತನ್ನು ನುಂಗದೆ ಬಾಯಲ್ಲೇ ಸ್ವಲ್ಪ ಹೊತ್ತು ಜಗಿಯುತ್ತಾ ಹೋದರೆ ಅದು ತುಸು ಸಿಹಿಯಾಗತೊಡಗುತ್ತದೆ. ಜೊಲ್ಲಿನಲ್ಲಿ ಆಹಾರವನ್ನು ಬದಲಿಸುವ ಶಕ್ತಿಯಿದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ (980-1037) ತಮ್ಮ ವೈದ್ಯಗ್ರಂಥ 'ಅಲ್ ಕಾನೂನ್'ನಲ್ಲಿ ಗುರುತಿಸಿದ್ದರು. ಜಗಿದ ಗೋಧಿಯನ್ನು ಹಚ್ಚಿದರೆ ಕುರು ಬೇಗ ಹಣ್ಣಾಗುತ್ತದೆ, ನೀರಲ್ಲಿ ಕಲಸಿದ ಗೋಧಿಗೆ ಆ ಗುಣವಿಲ್ಲ ಎಂಬುದು ಅವರು ಕೊಟ್ಟ ನಿದರ್ಶನ. ಆದುದರಿಂದ ಹಜಮ್, ಅಂದರೆ ಜೀರ್ಣಕ್ರಿಯೆ, ಬಾಯಲ್ಲೇ ಶುರುವಾಗುತ್ತದೆ ಎಂದರು.

ಹಾಗೆಂದು ಇಬ್ನು ಸೀನಾ ಕಿಣ್ವಗಳನ್ನೇ ಕಂಡುಹಿಡಿದಿದ್ದರು ಎಂದು ಬೀಗುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರು ಕಂಡದ್ದು ಸರಿ. ಅದಕ್ಕೆ ಕೊಟ್ಟ ಕಾರಣ ಮಾತ್ರ ಗ್ರೀಕರದ್ದೇ. ಶರೀರದ ಸಹಜ ಶಾಖದಲ್ಲಿ ಆಹಾರ ಬೇಯುತ್ತದೆ ಎಂಬುದು ಆ ಕಾರಣ. ನಮ್ಮ ಆಯುರ್ವೇದದ ಜಠರಾಗ್ನಿಯೂ ಇದೇ ಜಾಡಿನದು. ಶತಮಾನಗಳ ಕಾಲ ಹೊಟ್ಟೆಯೆಂದರೆ ಒಲೆ ಎಂದೇ ವೈದ್ಯರು ನಂಬಿದ್ದರು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಒಂದು ಹದ್ದು. 1752ರಲ್ಲಿ ಫ್ರಾನ್ಸಿನ ರೆಯೋಮೂರ್, ಎರಡೂ ತುದಿ ತೆರೆದ ಲೋಹದ ಕೊಳವೆಯೊಳಗೆ ಮಾಂಸವಿಟ್ಟು ಹದ್ದಿಗೆ ನುಂಗಿಸಿದರು. ಹದ್ದು ಕಾರಿಕೊಂಡ ಕೊಳವೆಯಲ್ಲಿ ಮಾಂಸ ಕರಗಿತ್ತು. ಲೋಹದ ಮರೆಯಲ್ಲಿದ್ದ ಅದನ್ನು ಹೊಟ್ಟೆ ಅರೆದಿರಲು ಸಾಧ್ಯವಿಲ್ಲ. ಯಾವುದೋ ರಸವೇ ಕರಗಿಸಿರಬೇಕು. ಇಟಲಿಯ ಸ್ಪಲ್ಲಾನ್‌ಜಾನಿ ಆಹಾರ ತುಂಬಿದ ಬಟ್ಟೆಯ ಪುಟ್ಟ ಚೀಲಗಳನ್ನು ತಾವೇ ನುಂಗಿ ಇದನ್ನು ಪರೀಕ್ಷಿಸಿದರು. ಆದರೆ ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಇಣುಕಿ ನೋಡಿದವರು ಯಾರೂ ಇರಲಿಲ್ಲ.

ಆ ಅವಕಾಶ ಒದಗಿದ್ದು ಒಬ್ಬ ಬಡವನ ದುರದೃಷ್ಟದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದ ತುಪ್ಪುಳದ ವ್ಯಾಪಾರಿಗಳ ಅಂಗಡಿಯಲ್ಲಿ ಬಂದೂಕೊಂದು ಆಕಸ್ಮಿಕವಾಗಿ ಹಾರಿ, ದೋಣಿಯಲ್ಲಿ ಸರಕು ಸಾಗಿಸುತ್ತಿದ್ದ ಕೆನಡಾದ ಕೂಲಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನ ಎಡಪಕ್ಕೆಯನ್ನು ಸೀಳಿತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆತನನ್ನು ಉಳಿಸಿದರು, ನಿರ್ಗತಿಕನಾದಾಗ ಮನೆಯಲ್ಲೇ ಇಟ್ಟುಕೊಂಡರು. ಗಾಯ ಮಾಯಿತು; ಆದರೆ ಹೊಟ್ಟೆಗೆ ಒಂದು ಕಿಂಡಿ ಉಳಿದುಬಿಟ್ಟಿತು.

1825ರ ಆಗಸ್ಟ್ 1ರಂದು ಬ್ಯೂಮಾಂಟ್ ಮಾಂಸ, ರೊಟ್ಟಿ, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ಕಿಂಡಿಯೊಳಗೆ ಇಳಿಬಿಟ್ಟರು. ಗಂಟೆಗೊಮ್ಮೆ ಎಳೆದು ನೋಡಿದರು. ಜಠರರಸವನ್ನು ಶೀಷೆಗೆ ತೆಗೆದು, ಬೆಚ್ಚಗಿಟ್ಟು, ಅದರಲ್ಲಿ ಮಾಂಸ ಹಾಕಿದರು. ದೇಹದ ಹೊರಗೂ ಮಾಂಸ ಕರಗಿತು! ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನೂ ಕಂಡರು. ಒಟ್ಟು 238 ಪ್ರಯೋಗಗಳ ವಿವರ 1833ರಲ್ಲಿ ಪುಸ್ತಕವಾಗಿ ಬಂತು. ಜಠರರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಬೇರೇನೋ ಇದೆ ಎಂದು ಅವರು ಬರೆದರು.

ಆ 'ಬೇರೇನೋ' ಏನೆಂಬುದು 1836ರಲ್ಲಿ ತಿಳಿಯಿತು. ಜರ್ಮನಿಯ ಥಿಯೊಡೋರ್ ಶ್ವಾನ್ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟರು. ಇಂಥ ವಸ್ತುಗಳನ್ನು 1870ರ ದಶಕದಲ್ಲಿ ಕ್ಯೂನೆ 'ಎನ್‌ಜೈಮ್' ಎಂದು ಕರೆದರು. ನಮ್ಮ ಕನ್ನಡದಲ್ಲಿ ಕಿಣ್ವ. ಬಹುತೇಕ ಕಿಣ್ವಗಳು ಪ್ರೋಟೀನುಗಳೇ. ಕಿಣ್ವದ ಮೈಯಲ್ಲೊಂದು ಗುಳಿಯಿದೆ. ಅದಕ್ಕೆ ಹೊಂದುವ ಅಣು ಬಂದು ಕೂತರೆ ಅದರ ಬೆಸುಗೆ ಸಡಿಲಗೊಂಡು ತುಂಡಾಗುತ್ತದೆ. ಕಿಣ್ವ ಮಾತ್ರ ಇದ್ದ ಹಾಗೇ ಇದ್ದು ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. 1894ರಲ್ಲಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು. ಆದ್ದರಿಂದಲೇ ಒಂದೊಂದಕ್ಕೆ ಒಂದೊಂದು ಕೆಲಸ: ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ, ಪೆಪ್ಸಿನ್ ಪ್ರೋಟೀನನ್ನು ಕತ್ತರಿಸುತ್ತದೆ, ಮೇದೋಜೀರಕ ಗ್ರಂಥಿಯ ಲೈಪೇಸ್ ಕೊಬ್ಬನ್ನು ಒಡೆಯುತ್ತದೆ. ಪೆಪ್ಸಿನ್ ನಮ್ಮ ಹೊಟ್ಟೆಯನ್ನೇ ತಿನ್ನಬಾರದಲ್ಲವೇ? ಅದಕ್ಕಾಗಿ ಅದು ನಿಷ್ಕ್ರಿಯ ರೂಪದಲ್ಲಿ ಸ್ರವಿಸಿ, ಆಮ್ಲ ತಗುಲಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ಜಠರದ ಒಳಗೋಡೆಗೆ ಲೋಳೆಯ ಹೊದಿಕೆಯೂ ಇದೆ. ಇಬ್ನು ಸೀನಾ ಕಂಡ ಜೊಲ್ಲಿನ ಗುಣಕ್ಕೆ ಹೀಗೆ ಎಂಟು ಶತಮಾನಗಳ ಬಳಿಕ ಉತ್ತರ ದೊರೆಯಿತು.

ಆದರೆ ಅಲೆಕ್ಸಿಸ್? 1832ರಲ್ಲಿ ಓದು ಬಾರದ ಆತನೊಂದಿಗೆ ಒಂದು ಕರಾರು ಆಯಿತು. ಊಟ, ವಸತಿ, ಬಟ್ಟೆಯ ಜೊತೆ ವರ್ಷಕ್ಕೆ 150 ಡಾಲರ್. ಅದಕ್ಕೆ ಪ್ರತಿಯಾಗಿ ಪ್ರಯೋಗಕ್ಕೆ ದೇಹ. ಪ್ರಯೋಗಗಳ ನಡುವೆ ಆತ ವೈದ್ಯರ ಮನೆಯ ಚಾಕರಿಯನ್ನೂ ಮಾಡುತ್ತಿದ್ದ. 1834ರಲ್ಲಿ ಊರಿಗೆ ಹೋದವನು, ಬ್ಯೂಮಾಂಟ್ ಎಷ್ಟು ಪತ್ರ ಬರೆದರೂ ಮರಳಲಿಲ್ಲ. ಇದನ್ನು ಕೃತಘ್ನತೆ ಎಂದವರಿದ್ದಾರೆ. ಜೀವ ಉಳಿಸಿದ ಋಣಕ್ಕೆ ಎಷ್ಟು ವರ್ಷ ಹೊಟ್ಟೆ ತೆರೆದು ತೋರಿಸಬೇಕು ಎಂದು ಅವರು ಕೇಳಿಕೊಳ್ಳಲಿಲ್ಲ.

1880ರಲ್ಲಿ ಅಲೆಕ್ಸಿಸ್ ತೀರಿಕೊಂಡಾಗ ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಆ ಜಠರವನ್ನು ಸಂಗ್ರಹಾಲಯಕ್ಕೆ ಪಡೆಯಲು ಪ್ರಯತ್ನಿಸಿದರು. ಮನೆಯವರು ಒಪ್ಪಲಿಲ್ಲ. ಯಾರಿಗೂ ಉಪಯೋಗಕ್ಕೆ ಬಾರದಂತೆ ದೇಹ ಕೊಳೆಯುವವರೆಗೆ ಬಿಸಿಲ ದಿನಗಳಲ್ಲಿ ಮನೆಯಲ್ಲೇ ಇಟ್ಟುಕೊಂಡು, ಬಳಿಕ ಎಂಟು ಅಡಿ ಆಳದಲ್ಲಿ ಹೂತರು. ಮಯ್ಯತ್ತನ್ನು ತಡಮಾಡದೆ, ಗೌರವದಿಂದ ಮಣ್ಣಿಗೊಪ್ಪಿಸಬೇಕೆಂದು ಬಲ್ಲ ನಮಗೆ ಆ ಮನೆಯವರ ಸಂಕಟ ಅರ್ಥವಾಗಬೇಕು. ಮಾನ ಕಾಯಲು ಅವರಿಗೆ ಉಳಿದಿದ್ದ ದಾರಿ ಅದೊಂದೇ.

1962ರಲ್ಲಿ ಕೆನಡಾದ ಶರೀರವಿಜ್ಞಾನಿಗಳು ಆತನ ಸಮಾಧಿಯ ಬಳಿ ಒಂದು ಫಲಕ ಹಾಕಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಪೆಪ್ಸಿನ್ ಇದೆ, ಅಮೈಲೇಸ್ ಇದೆ. ಆ ಪಾಠ ಓದುವ ಮಗುವಿಗೆ ಅಲೆಕ್ಸಿಸ್‌ನ ಹೆಸರನ್ನೂ ಹೇಳಿಕೊಟ್ಟರೆ ನಷ್ಟವೇನೂ ಇಲ್ಲ.