ಹಿತ್ತಾಳೆಯ ತೋಟಾ ಮತ್ತು ಮಳೆಗಾಲ

ಹಿತ್ತಾಳೆಯನ್ನು ಬೆಳಗುವ ವಿದ್ಯೆ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇಷ್ಟಿದ್ದರೆ ದೇವರ ದೀಪವೂ ನೀರಿನ ಕೊಡವೂ ಹಬ್ಬದ ಹೊತ್ತಿಗೆ ಮಿರುಗುತ್ತವೆ. ಆದರೆ ಕೋವಿಯ ತೋಟಾವೂ ಹಿತ್ತಾಳೆಯದೇ. ಕೊಡಕ್ಕೆ ಸಲ್ಲುವ ನ್ಯಾಯ ತೋಟಾಕ್ಕೆ ಸಲ್ಲುವುದೇ? ಕುಮಟೆ ತಾಲ್ಲೂಕಿನ ಹಿರೇಗುತ್ತಿಯಲ್ಲಿರುವ ನನ್ನ ಭಾವನವರು ಈಚೆಗೆ ಈ ಪ್ರಶ್ನೆಯನ್ನೆತ್ತಿದರು. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಅವರದು. ಕೊಟ್ಟಿಗೆಯ ಅಟ್ಟದ ಮೇಲೆ ಅವರ ತಂದೆಯ ಕಾಲದ, ಪೂರ್ತಿ ಹಿತ್ತಾಳೆಯ ಖಾಲಿ ತೋಟಾಗಳು ಒಂದು ಡಬ್ಬದ ತುಂಬ ಇವೆ. ಅವುಗಳನ್ನು ಬೆಳಗಿ ಮರಳಿ ತುಂಬಿಸಬಹುದೇ, ಬೆಳಗಲು ಅಗ್ಗದ ಯಂತ್ರ ಯಾವುದು ಎಂದು ಅವರ ಕೇಳಿಕೆ. ಅಂಗಡಿಯ ಬೆಲೆಪಟ್ಟಿಯನ್ನು ನೋಡುವ ಮೊದಲು ನಾನು ಚರಿತ್ರೆಯತ್ತ ನೋಡಿದೆನು.

ತೋಟಾ ಮೊದಲಿನಿಂದಲೂ ಲೋಹದ್ದಾಗಿರಲಿಲ್ಲ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕಿನ ತೋಟಾ ಕೊಬ್ಬು ಸವರಿದ ಕಾಗದದ ಸುರುಳಿ. ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿದರೆ ಅದರ ಬಾಳು ಮುಗಿಯಿತು. 1866ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರನೂ ಅಮೆರಿಕದ ಹೈರಮ್ ಬರ್ಡನ್ನನೂ ಲೋಹದ ತೋಟಾದ ತಳದಲ್ಲಿ ಕೇಪು ಕೂರಿಸುವ ತಮ್ಮ ತಮ್ಮ ಕ್ರಮಗಳನ್ನು ರೂಢಿಗೆ ತಂದರು. ಬಾಕ್ಸರನ ಕ್ರಮದಲ್ಲಿ ತಳದ ನಡುವೆ ಒಂದೇ ತೂತು. ಸುಟ್ಟ ಕೇಪನ್ನು ಒಳಗಿನಿಂದ ಕಡ್ಡಿಯೊಂದರಿಂದ ನೂಕಿ ತೆಗೆಯಬಹುದು. ಬರ್ಡನ್ನನದರಲ್ಲಿ ಎರಡು ಸಣ್ಣ ತೂತುಗಳು; ತೆಗೆಯುವುದು ಕಷ್ಟ. ವಿನೋದವೆಂದರೆ, ಇಂಗ್ಲಿಷನ ಕ್ರಮ ಅಮೆರಿಕದಲ್ಲಿಯೂ ಅಮೆರಿಕನ ಕ್ರಮ ಯುರೋಪಿನಲ್ಲಿಯೂ ಹೆಚ್ಚು ಬಳಕೆಗೆ ಬಂದವು. ಅಂತೂ ಹಾರಿಸಿದ ಮೇಲೆಯೂ ಉಳಿಯುವ ಚಿಪ್ಪೊಂದು ಬೇಟೆಗಾರನ ಕೈಸೇರಿತು. ಉಳಿದುದನ್ನು ಮತ್ತೆ ಬಳಸುವ ಆಸೆಯೂ ಅದರೊಡನೆಯೇ ಹುಟ್ಟಿತು.

ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆಗೆ ಒಂದು ಗುಪ್ತವಾದ ದೌರ್ಬಲ್ಯವಿದೆ. ಅದು ಹೊರಬಿದ್ದುದು ನಮ್ಮ ದೇಶದ ಮಳೆಗಾಲದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನೆ ಮಳೆ ಹಿಡಿದಾಗ ತೋಟಾಗಳನ್ನು ಕುದುರೆಯ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ, ಯಾರೂ ಮುಟ್ಟದ ತೋಟಾಗಳು ತಾವಾಗಿಯೇ ಸೀಳಿರುತ್ತಿದ್ದವು. ಋತುವಿನೊಡನೆ ಬರುವ ಕೇಡೆಂದು ಇದಕ್ಕೆ ‘ಋತು ಬಿರುಕು’ ಎಂಬರ್ಥದ ಹೆಸರು ಬಿದ್ದಿತು. ಕಾರಣ ಮಾತ್ರ ಬಹುಕಾಲ ತಿಳಿಯಲಿಲ್ಲ. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಅದನ್ನು ಬಿಡಿಸಿಟ್ಟರು. ಲೋಹವನ್ನು ತಣ್ಣಗಿರುವಾಗಲೇ ಎಳೆದು ತೋಟಾ ಮಾಡುವುದರಿಂದ ಅದರೊಳಗೆ ಒಂದು ಬಿಗಿತ ಉಳಿದಿರುತ್ತದೆ. ಕುದುರೆಯ ಮೂತ್ರದಿಂದೇಳುವ ಅಮೋನಿಯ, ತೇವದ ಗಾಳಿಯೊಡನೆ ಕೂಡಿ, ಆ ಬಿಗಿತವಿರುವೆಡೆಯಲ್ಲೇ ಲೋಹವನ್ನು ಸೀಳುತ್ತದೆ. ಕುದುರೆಯ ಲಾಯಕ್ಕೆ ನಿಜವಾದುದು ದನದ ಕೊಟ್ಟಿಗೆಗೂ ನಿಜ. ಭಾವನವರ ಡಬ್ಬವಿದ್ದುದು ಕೊಟ್ಟಿಗೆಯ ಅಟ್ಟದಲ್ಲಿ ಎಂಬುದನ್ನು ವಾಚಕರು ನೆನೆಯಬೇಕು.

ಇನ್ನು ಯಂತ್ರದ ಮಾತು. ಇವುಗಳಲ್ಲಿ ಎರಡು ಬಗೆ: ಅಡ್ಡಲಾಗಿ ಉರುಳುವ ಪೀಪಾಯಿ, ನಿಂತಲ್ಲೇ ಅದುರುವ ಬಟ್ಟಲು. ಒಣ ಕ್ರಮದಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ ಇಲ್ಲವೆ ಮೆಕ್ಕೆಜೋಳದ ದಿಂಡಿನ ತರಿ. ಒದ್ದೆಯದರಲ್ಲಿ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಕಡ್ಡಿಗಳು, ನೀರು, ತುಸು ಸಾಬೂನು. ಹತ್ತಿಪ್ಪತ್ತು ತೋಟಾಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಕಲ್ಲು ನುಣುಪು ಮಾಡುವವರು ಬಳಸುವ ಸಣ್ಣ ರಬ್ಬರು ಪೀಪಾಯಿಯೇ ಸಾಕು. ಅಗ್ಗದ್ದನ್ನು ಕೊಳ್ಳುವಾಗ ನೋಡಬೇಕಾದುದು ಮೂರು: ಮುಚ್ಚಳ ಸೋರದಿರಬೇಕು, ಮೋಟಾರು ಗಂಟೆಗಟ್ಟಲೆ ಕಾಯದೆ ಓಡಬೇಕು, ಸವೆದ ಪಟ್ಟಿ ಬೇರೆ ಸಿಗುವಂತಿರಬೇಕು. ಒಣ ಕ್ರಮದಲ್ಲಿ ಏಳುವ ಧೂಳಿನಲ್ಲಿ ಸುಟ್ಟ ಕೇಪಿನ ಸೀಸವಿರುತ್ತದೆ. ಅದನ್ನು ಅಡುಗೆಮನೆಯ ಬಳಿ, ಮಕ್ಕಳಾಡುವಲ್ಲಿ ನಡೆಸಲಾಗದು. ಒದ್ದೆ ಕ್ರಮದಲ್ಲಿ ಧೂಳಿಲ್ಲ; ಆದರೆ ತೊಳೆದ ಕೊಳೆನೀರಿನಲ್ಲಿ ಅದೇ ಸೀಸ, ಮತ್ತು ಆಷಾಢದ ಕರಾವಳಿಯಲ್ಲಿ ತೋಟಾದ ಒಳಗು ಒಣಗುವುದೇ ದುಸ್ತರ. ಹುಣಸೆಹುಳಿಯೂ ಆದೀತು, ತಿಕ್ಕಿ ಒಡನೆಯೇ ತೊಳೆದರೆ. ಹುಳಿಯಲ್ಲಿ ಬಹಳ ಹೊತ್ತು ನೆನೆಸಿದರೆ ಸತು ಕರಗಿ ಹಿತ್ತಾಳೆ ತಾಮ್ರದ ಕೆಂಪಿಗೆ ತಿರುಗುತ್ತದೆ. ಅಮೋನಿಯ ಬೆರೆತ ಹೊಳಪಿನ ದ್ರವವಂತೂ ತೋಟಾದ ಹತ್ತಿರ ಸುಳಿಯಬಾರದು. ಅದು ಸೀಸೆಯೊಳಗಿನ ಲಾಯವೇ ಸರಿ.

ಕಾಯ್ದೆಯ ಮಾತನ್ನು ಕಡೆಗಣಿಸುವಂತಿಲ್ಲ. 1857ರ ನಿಶ್ಶಸ್ತ್ರೀಕರಣವನ್ನು ಒಪ್ಪದೆ ಹಲಗಲಿಯ ಬೇಡರು ಕಾದಿ ಮಡಿದರು. 1878ರ ಶಸ್ತ್ರ ಕಾಯ್ದೆ ದೇಶದ ಕೈಯಿಂದ ಕೋವಿಯನ್ನು ಕಿತ್ತು ಪರವಾನಗಿಯನ್ನಿತ್ತಿತು. ಪರರಾಜ್ಯ ಹೋದರೂ ಪರವಾನಗಿ ಹೋಗಲಿಲ್ಲ. ನಮ್ಮದೇ ಪಾರ್ಲಿಮೆಂಟಿನ 1959ರ ಕಾಯ್ದೆಯಂತೆ ಮದ್ದುಗುಂಡನ್ನು ತಯಾರಿಸಲು ಬೇರೆಯೇ ಪರವಾನಗಿ ಬೇಕು. ಕೋವಿಯನ್ನು ಇಟ್ಟುಕೊಳ್ಳುವ ಅಪ್ಪಣೆಯನ್ನು ತೋಟಾ ತುಂಬುವ ಅಪ್ಪಣೆಯೆಂದು ಯಾರೂ ಭಾವಿಸಬಾರದು.

ಆದುದರಿಂದ ಭಾವನವರಿಗೆ ನಾನು ಹೇಳಿದುದು ಇಷ್ಟು: ಬೆಳಗುವುದಕ್ಕೆ ಸಣ್ಣ ಪೀಪಾಯಿ ಸಾಕು, ತುಂಬುವ ಯೋಚನೆ ಬೇಡ. ಕೊಟ್ಟಿಗೆಯ ಮೇಲೆ ಅಷ್ಟು ಮಳೆಗಾಲಗಳನ್ನು ಕಳೆದ ಹಿತ್ತಾಳೆಯನ್ನು ನಂಬಲಾಗದು. ತೋಟಾ ಬೆಳಗುವುದು ಚೆಲುವಿಗಾಗಿ ಅಲ್ಲ, ಕಿಲುಬಿನಡಿಯಲ್ಲಿ ಅಡಗಿದ ಬಿರುಕು ಕಣ್ಣಿಗೆ ಬೀಳಲೆಂದು. ಸೀಳಿದ ಕೊಡ ನೀರನ್ನಷ್ಟೇ ಚೆಲ್ಲುತ್ತದೆ. ಸೀಳಿದ ತೋಟಾ ಕೋವಿ ಹಿಡಿದವನ ಕೆನ್ನೆಯ ಬಳಿಯಲ್ಲಿರುತ್ತದೆ.